ರಷ್ಯಾದ ಗ್ಯಾಸನ್ನು ಯುರೋಪ್ ಮೊದಲ ದಿನವೇ ಯಾಕೆ ನಿಲ್ಲಿಸಲಿಲ್ಲ?

ಪ್ರಶ್ನೆ: ರಷ್ಯಾ ಉಕ್ರೇನ್ ಮೇಲೆ ದಂಡೆತ್ತಿ ಹೋಗಿ ನಾಲ್ಕು ವರ್ಷವಾಗುತ್ತ ಬಂತು. ಯುರೋಪಿನ ದೇಶಗಳು ಒಂದು ಕೈಯಲ್ಲಿ ಉಕ್ರೇನ್‌ಗೆ ಆಯುಧ ಕೊಡುತ್ತವೆ, ಇನ್ನೊಂದು ಕೈಯಲ್ಲಿ ರಷ್ಯಾಕ್ಕೆ ಗ್ಯಾಸಿನ ದುಡ್ಡು ಎಣಿಸುತ್ತವೆ. ನಾವು ರಷ್ಯಾದ ಎಣ್ಣೆ ಕೊಂಡರೆ ಮಾತ್ರ ತಪ್ಪು. ಅವರು ಮೊದಲ ದಿನವೇ ಯಾಕೆ ನಿಲ್ಲಿಸಲಿಲ್ಲ? ಆಗಲಿಲ್ಲವೋ, ಮನಸ್ಸಿರಲಿಲ್ಲವೋ? ಯುದ್ಧ ಮುಗಿದರೆ ಮತ್ತೆ ಅದೇ ಪೈಪಿಗೆ ಹೋಗುತ್ತಾರೆಯೇ?

ಉತ್ತರ: ನಿಮ್ಮ ಸಿಟ್ಟಿಗೆ ಆಧಾರವಿದೆ. ಯುದ್ಧ ಶುರುವಾಗಿ ಆರು ವಾರವಾಗಿದ್ದಾಗ, 2022ರ ಏಪ್ರಿಲ್ ಮೊದಲ ವಾರದಲ್ಲಿ, ಐರೋಪ್ಯ ಒಕ್ಕೂಟದ ಆಗಿನ ವಿದೇಶಾಂಗ ಮುಖ್ಯಸ್ಥ ಜೋಸೆಪ್ ಬೊರೆಲ್ ತಮ್ಮದೇ ಸಂಸತ್ತಿನಲ್ಲಿ ನಿಂತು ಇದೇ ಲೆಕ್ಕ ಒಪ್ಪಿಸಿದ್ದರು: ಉಕ್ರೇನ್‌ಗೆ ನಾವು ಕೊಟ್ಟದ್ದು 100 ಕೋಟಿ ಯುರೊ, ಅಷ್ಟರಲ್ಲಿ ಇಂಧನಕ್ಕಾಗಿ ಪುಟಿನ್‌ಗೆ ಕೊಟ್ಟದ್ದು 3,500 ಕೋಟಿ ಯುರೊ. ಆಮೇಲೂ ಕಥೆ ಪೂರ್ತಿ ಬದಲಾಗಲಿಲ್ಲ. ಈ ವ್ಯಾಪಾರದ ಲೆಕ್ಕ ಇಡುವ ‘ಸೆಂಟರ್ ಫಾರ್ ರಿಸರ್ಚ್ ಆನ್ ಎನರ್ಜಿ ಅಂಡ್ ಕ್ಲೀನ್ ಏರ್’ ಸಂಸ್ಥೆಯ ಪ್ರಕಾರ, ಯುದ್ಧದ ಮೂರನೇ ವರ್ಷದಲ್ಲೂ ಒಕ್ಕೂಟ ರಷ್ಯಾದ ಎಣ್ಣೆ, ಅನಿಲಕ್ಕೆ 2,190 ಕೋಟಿ ಯುರೊ ತೆತ್ತಿದೆ. 2024ರಲ್ಲಿ ಉಕ್ರೇನ್‌ಗೆ ಆಯುಧ ಬಿಟ್ಟು ಕೊಟ್ಟ ಹಣಕಾಸಿನ ನೆರವು 1,870 ಕೋಟಿ.

ಇಷ್ಟಾದರೂ ‘ಆಗಲಿಲ್ಲವೋ, ಮನಸ್ಸಿರಲಿಲ್ಲವೋ’ ಎಂಬುದಕ್ಕೆ ಒಂದೇ ಮಾತಿನ ಉತ್ತರ ಕೊಡಲು ಬರುವುದಿಲ್ಲ. ನನ್ನ ಉತ್ತರ ಇದು: ಮೊದಲ ಚಳಿಗಾಲದವರೆಗೆ ನಿಜವಾಗಿಯೂ ಆಗುತ್ತಿರಲಿಲ್ಲ. ಅದರ ಆಚೆಗೆ ಉಳಿದದ್ದರಲ್ಲಿ ಬಹುಪಾಲು ಮನಸ್ಸಿಗೆ ಸಂಬಂಧಪಟ್ಟದ್ದು. ಇವೆರಡನ್ನೂ ಬೇರ್ಪಡಿಸಿ ನೋಡಬೇಕಾದರೆ, ‘ರಷ್ಯಾದ ಇಂಧನ’ ಎಂದು ನಾವು ಒಟ್ಟಾಗಿ ಹೇಳುವ ನಾಲ್ಕು ಸರಕುಗಳನ್ನು ಬಿಡಿಸಿಕೊಳ್ಳಬೇಕು: ಕಲ್ಲಿದ್ದಲು, ಎಣ್ಣೆ, ಅನಿಲ ಮತ್ತು ಅಣುಸ್ಥಾವರದ ಇಂಧನ.

ಕಲ್ಲಿದ್ದಲಿನದು ಸುಲಭದ ಕಥೆ. ಹಡಗಿನಲ್ಲೋ ರೈಲಿನಲ್ಲೋ ಬರುತ್ತದೆ, ಕೊಲಂಬಿಯಾ, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲೂ ಸಿಗುತ್ತದೆ. 2022ರ ಏಪ್ರಿಲ್‌ನಲ್ಲಿ ನಿಷೇಧ ಘೋಷಿಸಿದರು, ಆಗಸ್ಟ್ 10ರಿಂದ ಜಾರಿಗೆ ತಂದರು. ಸಮುದ್ರದ ಮೇಲೆ ಬರುವ ಕಚ್ಚಾ ತೈಲಕ್ಕೆ ಅದೇ ವರ್ಷದ ಡಿಸೆಂಬರ್ 5ರಿಂದ, ಡೀಸೆಲ್‌ನಂಥ ಸಂಸ್ಕರಿಸಿದ ಸರಕಿಗೆ 2023ರ ಫೆಬ್ರುವರಿ 5ರಿಂದ ಬಾಗಿಲು ಹಾಕಿದರು. ತಡವಾಯಿತು ಅನ್ನಬಹುದು, ಮಾಡಲಿಲ್ಲ ಅನ್ನುವಂತಿಲ್ಲ.

ಸಿಕ್ಕಿಹಾಕಿಕೊಂಡದ್ದು ಅನಿಲದಲ್ಲಿ. ಎಣ್ಣೆ ಎಂದರೆ ಟ್ಯಾಂಕರ್ ನೀರು ತರಿಸಿಕೊಂಡ ಹಾಗೆ. ಈ ಟ್ಯಾಂಕರಿನವನು ಬೇಡವೆಂದರೆ ಇನ್ನೊಬ್ಬನಿಗೆ ಫೋನ್ ಮಾಡಬಹುದು. ಕೊಳವೆಯ ಅನಿಲ ಹಾಗಲ್ಲ. ಪಕ್ಕದ ಮನೆಯವನ ಬೋರ್‌ವೆಲ್‌ಗೆ ಪೈಪು ಹಾಕಿಸಿ, ನಮ್ಮ ಸಂಪು, ಟ್ಯಾಂಕು, ನಲ್ಲಿ ಎಲ್ಲವನ್ನೂ ಅದಕ್ಕೆ ಹೊಂದಿಸಿ ಕಟ್ಟಿಕೊಂಡ ಮನೆ ಅದು. ಅವನೊಡನೆ ಮಾತು ಬಿಟ್ಟ ದಿನ ಬೀದಿಯಲ್ಲಿ ಟ್ಯಾಂಕರ್ ಇದ್ದರೂ ಪ್ರಯೋಜನವಿಲ್ಲ, ಅದರ ನೀರು ಇಳಿಸಿಕೊಳ್ಳಲು ನಮ್ಮಲ್ಲಿ ಸಂಪಿನ ಬಾಯಿಯೇ ಇಲ್ಲ. ಜರ್ಮನಿಯದು ಅಕ್ಷರಶಃ ಇದೇ ಸ್ಥಿತಿ. ಅನಿಲವನ್ನು ಹಡಗಿನಲ್ಲಿ ತರಬೇಕಾದರೆ ಅದನ್ನು ಮೈನಸ್ 162 ಡಿಗ್ರಿಗೆ ತಣಿಸಿ ದ್ರವ ಮಾಡಬೇಕು, ಅದೇ ಎಲ್‌ಎನ್‌ಜಿ. ಇಳಿಸಿಕೊಳ್ಳುವ ಕಡೆ ಅದನ್ನು ಮತ್ತೆ ಅನಿಲ ಮಾಡುವ ಟರ್ಮಿನಲ್ ಬೇಕು. 2022ರ ಫೆಬ್ರುವರಿ 24ರಂದು ಯುರೋಪಿನ ಅತಿ ದೊಡ್ಡ ಅರ್ಥವ್ಯವಸ್ಥೆಯ ಕರಾವಳಿಯಲ್ಲಿ ಅಂಥ ಟರ್ಮಿನಲ್ ಒಂದೂ ಇರಲಿಲ್ಲ. ಸ್ಪೇನ್‌ನಲ್ಲಿ ಬೇಕಾದಷ್ಟಿದ್ದವು, ಆದರೆ ಸ್ಪೇನ್‌ನಿಂದ ಪಿರನೀಸ್ ಪರ್ವತ ದಾಟಿ ಫ್ರಾನ್ಸ್‌ಗೆ ಹೋಗುವ ಕೊಳವೆ ಸಣ್ಣದು.

ಗಾತ್ರ ಗಮನಿಸಿ. 2021ರಲ್ಲಿ ಒಕ್ಕೂಟ ರಷ್ಯಾದಿಂದ ತರಿಸಿದ ಅನಿಲ ಸುಮಾರು 15,500 ಕೋಟಿ ಘನ ಮೀಟರ್. ಒಟ್ಟು ಅನಿಲ ಆಮದಿನ ಶೇ 45. ಜರ್ಮನಿಯ ಮಟ್ಟಿಗೆ ಅರ್ಧಕ್ಕಿಂತ ಹೆಚ್ಚು. ಈ ಅನಿಲ ಬರೀ ವಿದ್ಯುತ್ತಿಗೆ ಹೋಗುವುದಲ್ಲ. ಮನೆ ಬಿಸಿಮಾಡುವುದು, ಗಾಜಿನ ಕುಲುಮೆ, ಯೂರಿಯಾಕ್ಕೆ ಬೇಕಾದ ಅಮೋನಿಯ, ರಾಸಾಯನಿಕ ಕಾರ್ಖಾನೆಗಳ ಉಗಿ, ಎಲ್ಲದಕ್ಕೂ ಅದೇ. ಕರೆಂಟ್ ಹೋದರೆ ಗಂಟೆಗಟ್ಟಲೆ ಲೋಡ್‌ಶೆಡ್ಡಿಂಗ್ ಮಾಡಿ ನಿಭಾಯಿಸಬಹುದು. ಅನಿಲದ ಜಾಲದಲ್ಲಿ ಒತ್ತಡ ಬಿದ್ದುಹೋದರೆ ಪ್ರತಿ ಮನೆಯ ಬಾಯ್ಲರ್ ಪರಿಶೀಲಿಸಿ ಮತ್ತೆ ಹೊತ್ತಿಸಬೇಕು. ಮೈ ಕೊರೆಯುವ ಜನವರಿಯಲ್ಲಿ ಆ ಅಪಾಯಕ್ಕೆ ಯಾವ ಸರ್ಕಾರವೂ ಕೈ ಹಾಕುವುದಿಲ್ಲ.

ಹಾಗಾದರೆ ಇಂಥ ಮನೆ ಕಟ್ಟಿಕೊಂಡದ್ದೇಕೆ ಎಂದು ನೀವು ಕೇಳಬಹುದು. ಇಲ್ಲಿ ನಾನು ಯುರೋಪಿನ ಪರವಾಗಿ ಸ್ವಲ್ಪ ಮಾತಾಡುತ್ತೇನೆ. ಸೋವಿಯತ್ ಅನಿಲ ಮೊದಲು ಪಶ್ಚಿಮಕ್ಕೆ ಬಂದದ್ದು 1968ರಲ್ಲಿ, ಆಸ್ಟ್ರಿಯಾದ ಬೌಮ್‌ಗಾರ್ಟನ್‌ಗೆ. ಆ ವರ್ಷವೇ ಸೋವಿಯತ್ ಟ್ಯಾಂಕುಗಳು ಪಕ್ಕದ ಪ್ರಾಗ್‌ಗೆ ನುಗ್ಗಿದ್ದವು. ಅನಿಲ ಮಾತ್ರ ನಿಲ್ಲಲಿಲ್ಲ. 1970ರಲ್ಲಿ ಪಶ್ಚಿಮ ಜರ್ಮನಿ ಮಾಡಿಕೊಂಡದ್ದು ಕೊಡುಕೊಳ್ಳುವಿಕೆಯ ಒಪ್ಪಂದ: ಮಾನೆಸ್‌ಮಾನ್ ಕಂಪನಿ ದೊಡ್ಡ ಉಕ್ಕಿನ ಕೊಳವೆಗಳನ್ನು ಕೊಡುವುದು, ಜರ್ಮನ್ ಬ್ಯಾಂಕುಗಳು ಸಾಲ ಕೊಡುವುದು, ಆ ಸಾಲವನ್ನು ಮಾಸ್ಕೊ ಅನಿಲದ ರೂಪದಲ್ಲಿ ತೀರಿಸುವುದು. 1973ರಿಂದ ಅನಿಲ ಹರಿಯಿತು. ಸೈಬೀರಿಯಾದ ಉರೆಂಗೋಯ್‌ನಿಂದ ಹೊರಟ ದೊಡ್ಡ ಕೊಳವೆಯನ್ನು ತಡೆಯಲು 1982ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಯುರೋಪಿನ ಕಂಪನಿಗಳ ಮೇಲೆಯೇ ನಿರ್ಬಂಧ ಹಾಕಿದರು. ಸಿಟ್ಟಾದವರಲ್ಲಿ ಅವರ ಗೆಳತಿ ಮಾರ್ಗರೆಟ್ ಥ್ಯಾಚರ್ ಕೂಡ ಇದ್ದರು. ಅದೇ ವರ್ಷ ನವೆಂಬರ್‌ನಲ್ಲಿ ರೇಗನ್ ಹಿಂದೆ ಸರಿದರು. ಶೀತಲ ಸಮರದ ಕಾವು ಹೆಚ್ಚಿದ್ದ ವರ್ಷಗಳಲ್ಲೂ ಕೈಕೊಡದ ಪೂರೈಕೆದಾರನನ್ನು ನಂಬುವುದು ಆಗ ಮೂರ್ಖತನವಾಗಿ ಕಾಣಲಿಲ್ಲ.

ನನ್ನ ಸಹಾನುಭೂತಿ ಅಲ್ಲಿಗೆ ಮುಗಿಯಿತು. 2006ರಲ್ಲಿ ಒಮ್ಮೆ, 2009ರ ಜನವರಿಯಲ್ಲಿ ಇನ್ನೊಮ್ಮೆ ಉಕ್ರೇನ್ ಜತೆಗಿನ ಬೆಲೆಯ ಜಗಳದಲ್ಲಿ ರಷ್ಯಾ ಕೊಳವೆ ಮುಚ್ಚಿತು. ಎರಡನೆಯ ಸಲ ಬಲ್ಗೇರಿಯಾ, ಸ್ಲೊವಾಕಿಯಾಗಳು ಸುಮಾರು ಎರಡು ವಾರ ನಡುಗಿದವು. ಆಗಲೇ ಪಾಠ ಕಲಿತವರಿದ್ದಾರೆ. ಲಿಥುವೇನಿಯಾ ನಮ್ಮ ಬೆಂಗಳೂರಿನ ಕಾಲು ಭಾಗದಷ್ಟೂ ಜನವಿಲ್ಲದ ದೇಶ. 2014ರಲ್ಲಿ ಅದು ಕ್ಲೈಪೆಡಾ ಬಂದರಿಗೆ ಒಂದು ತೇಲುವ ಟರ್ಮಿನಲ್ ಹಡಗನ್ನು ಬಾಡಿಗೆಗೆ ತಂದು ನಿಲ್ಲಿಸಿತು, ಹೆಸರು ‘ಇಂಡಿಪೆಂಡೆನ್ಸ್’. ಅದು ಬರುವ ಸುದ್ದಿ ಖಚಿತವಾಗುತ್ತಿದ್ದಂತೆಯೇ, ಹಡಗು ದಡ ಮುಟ್ಟುವ ಮೊದಲೇ, ರಷ್ಯಾದ ಸರ್ಕಾರಿ ಅನಿಲ ಕಂಪನಿ ಗಾಜ್‌ಪ್ರೊಮ್ ಲಿಥುವೇನಿಯಾಕ್ಕೆ ಕೊಡುವ ಅನಿಲದ ಬೆಲೆಯನ್ನು ಐದನೇ ಒಂದರಷ್ಟು ಇಳಿಸಿತು. 2022ರ ಏಪ್ರಿಲ್‌ನಲ್ಲಿ ‘ಇನ್ನು ರಷ್ಯಾದ ಅನಿಲ ಬೇಡ’ ಎಂದು ಮೊದಲು ಹೇಳಿದ್ದೂ ಆ ದೇಶವೇ. ಪೋಲೆಂಡ್ ತನ್ನ ಕರಾವಳಿಯಲ್ಲಿ ಟರ್ಮಿನಲ್ ಕಟ್ಟಿತು, ನಾರ್ವೆಯಿಂದ ಡೆನ್ಮಾರ್ಕ್ ಮೂಲಕ ಕೊಳವೆ ಎಳೆಯಿತು.

ಜರ್ಮನಿ ಅದೇ ಹೊತ್ತಿನಲ್ಲಿ ಏನು ಮಾಡುತ್ತಿತ್ತು? 2014ರಲ್ಲಿ ರಷ್ಯಾ ಉಕ್ರೇನ್‌ನ ಕ್ರಿಮಿಯಾವನ್ನು ನುಂಗಿತು. ಮರುವರ್ಷ, 2015ರಲ್ಲಿ, ರಷ್ಯಾದಿಂದ ಜರ್ಮನಿಗೆ ಬಾಲ್ಟಿಕ್ ಸಮುದ್ರದಡಿ ಹಾಯುವ ಎರಡನೇ ಜೋಡಿ ಕೊಳವೆಗೆ, ಅಂದರೆ ನಾರ್ಡ್ ಸ್ಟ್ರೀಮ್ 2ಕ್ಕೆ, ಸಹಿ ಬಿತ್ತು. ಅದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಗಾಬರಿ ಹುಟ್ಟಿಸುವುದು ಅದೇ ವರ್ಷ ಸದ್ದಿಲ್ಲದೆ ನಡೆದ ಇನ್ನೊಂದು ವ್ಯವಹಾರ. ಜರ್ಮನಿಯ ರಾಸಾಯನಿಕ ಕಂಪನಿ ಬಿಎಎಸ್‌ಎಫ್‌ನ ಅಂಗವಾದ ವಿಂಟರ್‌ಶಾಲ್ ಸೈಬೀರಿಯಾದ ಅನಿಲ ನಿಕ್ಷೇಪದಲ್ಲಿ ಪಾಲು ಪಡೆದು, ಅದಕ್ಕೆ ಬದಲಾಗಿ ತನ್ನ ಅನಿಲ ವ್ಯಾಪಾರ ಮತ್ತು ನೆಲದಡಿಯ ಸಂಗ್ರಹಾಗಾರಗಳನ್ನು ಗಾಜ್‌ಪ್ರೊಮ್‌ಗೆ ಬಿಟ್ಟುಕೊಟ್ಟಿತು. ಅದರಲ್ಲಿ ರೇಡನ್ ಎಂಬ ಊರಿನ ಸಂಗ್ರಹಾಗಾರವೂ ಸೇರಿತ್ತು. ಜರ್ಮನಿಯ ಒಟ್ಟು ಸಂಗ್ರಹ ಸಾಮರ್ಥ್ಯದ ಐದನೇ ಒಂದರಷ್ಟು ಅದೊಂದರಲ್ಲೇ. ಬೋರ್‌ವೆಲ್ ಅವರದು, ಪೈಪು ಅವರದು, ಈಗ ನಮ್ಮ ಹಿತ್ತಲಿನ ಸಂಪಿನ ಬೀಗದ ಕೈಯೂ ಅವರಿಗೆ. 2021ರ ಬೇಸಿಗೆಯಲ್ಲಿ, ಚಳಿಗಾಲಕ್ಕೆ ಸಂಗ್ರಹ ತುಂಬಿಸಿಕೊಳ್ಳುವ ಹೊತ್ತಿನಲ್ಲಿ, ಗಾಜ್‌ಪ್ರೊಮ್ ಒಪ್ಪಂದದಲ್ಲಿದ್ದಷ್ಟನ್ನು ಚಾಚೂ ತಪ್ಪದೆ ಕೊಟ್ಟಿತು, ಹೆಚ್ಚುವರಿ ಮಾರಲಿಲ್ಲ. ತನ್ನ ಕೈಯಲ್ಲಿದ್ದ ರೇಡನ್ ಅನ್ನು ಬಹುಪಾಲು ಖಾಲಿ ಬಿಟ್ಟಿತು. ಯುದ್ಧ ಶುರುವಾಗುವ ಹೊತ್ತಿಗೆ ಯುರೋಪಿನ ಉಗ್ರಾಣದಲ್ಲಿ ವಾಡಿಕೆಗಿಂತ ಕಡಿಮೆ ಅನಿಲವಿತ್ತು. ಕಾಕತಾಳೀಯ ಎಂದು ನಂಬುವವರು ನಂಬಲಿ.

ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ಸರಿಮಾಡಬೇಕು. ‘ಯುರೋಪ್ ಅನಿಲ ನಿಲ್ಲಿಸಲಿಲ್ಲ’ ಎನ್ನುತ್ತೀರಿ. ಕೊಳವೆಯ ಅನಿಲವನ್ನು 2022ರಲ್ಲಿ ಬಹುಮಟ್ಟಿಗೆ ನಿಲ್ಲಿಸಿದ್ದು ರಷ್ಯಾ. ಮಾರ್ಚ್ 31ರಂದು ಪುಟಿನ್ ಆದೇಶ ಹೊರಡಿಸಿದರು: ಅನಿಲದ ದುಡ್ಡು ಇನ್ನು ಗಾಜ್‌ಪ್ರೊಮ್‌ಬ್ಯಾಂಕ್‌ನ ಖಾತೆಯ ಮೂಲಕ ರೂಬಲ್‌ಗೆ ತಿರುಗಬೇಕು. ಒಪ್ಪದ ಪೋಲೆಂಡ್, ಬಲ್ಗೇರಿಯಾಗಳಿಗೆ ಏಪ್ರಿಲ್ 27ರಂದು ಪೂರೈಕೆ ನಿಂತಿತು. ಮೇ ತಿಂಗಳಲ್ಲಿ ಫಿನ್‌ಲೆಂಡ್, ಅದರ ಬೆನ್ನಿಗೆ ನೆದರ್‌ಲೆಂಡ್ಸ್, ಡೆನ್ಮಾರ್ಕ್. ಆಮೇಲೆ ಬಂತು ಟರ್ಬೈನಿನ ನಾಟಕ. ಬಾಲ್ಟಿಕ್ ಸಮುದ್ರದಡಿಯ ಮೊದಲ ಜೋಡಿ ಕೊಳವೆಯಾದ ನಾರ್ಡ್ ಸ್ಟ್ರೀಮ್ 1ರಲ್ಲಿ ಅನಿಲವನ್ನು ತಳ್ಳುವ ಸೀಮೆನ್ಸ್ ಟರ್ಬೈನ್ ಒಂದು ರಿಪೇರಿಗೆಂದು ಕೆನಡಾದ ಮಾಂಟ್ರಿಯಲ್‌ಗೆ ಹೋಗಿತ್ತು, ನಿರ್ಬಂಧದ ಕಾರಣ ಅಲ್ಲೇ ಸಿಕ್ಕಿಕೊಂಡಿತು. ಅದನ್ನೇ ನೆಪ ಮಾಡಿ ಜೂನ್‌ನಲ್ಲಿ ಹರಿವನ್ನು ಶೇ 40ಕ್ಕೆ ಇಳಿಸಿದರು. ಕೆನಡಾ ವಿನಾಯಿತಿ ಕೊಟ್ಟು ಟರ್ಬೈನ್ ಜರ್ಮನಿಗೆ ಬಂದಾಗ, ಕಾಗದಪತ್ರ ಸರಿಯಿಲ್ಲವೆಂದು ಗಾಜ್‌ಪ್ರೊಮ್ ತೆಗೆದುಕೊಳ್ಳಲಿಲ್ಲ. ಜರ್ಮನಿಯ ಆಗಿನ ಚಾನ್ಸಲರ್ ಶೋಲ್ಜ್ ಮ್ಯೂಲ್‌ಹೈಮ್‌ನ ಶೆಡ್ಡಿನಲ್ಲಿ ಆ ಯಂತ್ರದ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು, ‘ಇಗೋ ಇಲ್ಲಿದೆ, ಒಯ್ಯಿರಿ’ ಎಂಬಂತೆ. ಜುಲೈ ಕೊನೆಗೆ ಹರಿವು ಶೇ 20, ಸೆಪ್ಟೆಂಬರ್ ಹೊತ್ತಿಗೆ ಸೊನ್ನೆ. ಸೆಪ್ಟೆಂಬರ್ 26ರಂದು ಡೆನ್ಮಾರ್ಕಿನ ಬೋರ್ನ್‌ಹೋಮ್ ದ್ವೀಪದ ಹತ್ತಿರ ಸ್ಫೋಟವಾಗಿ ನಾರ್ಡ್ ಸ್ಟ್ರೀಮ್‌ನ ನಾಲ್ಕು ಕೊಳವೆಗಳಲ್ಲಿ ಮೂರು ಸೀಳಿದವು. ಮರುದಿನವೇ ಪೋಲೆಂಡಿನ ಹೊಸ ನಾರ್ವೆ ಕೊಳವೆಯ ಉದ್ಘಾಟನೆ ಇತ್ತು.

ಆ ಆಗಸ್ಟ್‌ನಲ್ಲಿ ಬೆಲೆ ಏನಾಗಿತ್ತು ನೋಡಿ. ಯುರೋಪಿನ ಅನಿಲದ ಮುಖ್ಯ ಮಾರುಕಟ್ಟೆಯಾದ ಟಿಟಿಎಫ್‌ನಲ್ಲಿ ಹಿಂದಿನ ವರ್ಷಗಳ ವಾಡಿಕೆ ದರ ಮೆಗಾವಾಟ್ ಗಂಟೆಗೆ 20 ಯುರೊ ಆಸುಪಾಸು. 2022ರ ಆಗಸ್ಟ್ 26ರಂದು ಅದು 340ರ ಹತ್ತಿರ ಹೋಯಿತು. ರಷ್ಯಾದಿಂದ ಅಗ್ಗಕ್ಕೆ ಕೊಂಡು ಊರೂರಿನ ಅನಿಲ ಸಂಸ್ಥೆಗಳಿಗೆ ನಿಗದಿತ ಬೆಲೆಗೆ ಕೊಡುವುದಾಗಿ ಬರೆದುಕೊಟ್ಟಿದ್ದ ಜರ್ಮನಿಯ ಯೂನಿಪರ್ ಕಂಪನಿ, ಈಗ 340ಕ್ಕೆ ಕೊಂಡು ಹಳೆಯ ದರಕ್ಕೆ ಮಾರಬೇಕಾಯಿತು. ಸರ್ಕಾರ ಆ ಕಂಪನಿಯ ಶೇ 99ರಷ್ಟು ಷೇರನ್ನು ತಾನೇ ತೆಗೆದುಕೊಂಡು ಉಳಿಸಿತು. ಜನರ ಬಿಲ್ಲಿನ ಹೊರೆ ಇಳಿಸಲು ಜರ್ಮನಿ ಒಂದೇ ಎತ್ತಿಡುವ ಘೋಷಣೆ ಮಾಡಿದ್ದು 20,000 ಕೋಟಿ ಯುರೊ. ರಷ್ಯಾ ಕಡಿಮೆ ಮಾರಿ ಹೆಚ್ಚು ಗಳಿಸಿದ ವರ್ಷ ಅದು. ಯುರೋಪ್ ತಾನಾಗಿಯೇ ನಿಲ್ಲಿಸಬೇಕಿತ್ತು ಎನ್ನುವವರ ವಾದಕ್ಕೆ ಬಲ ಬರುವುದು ಇಲ್ಲಿ: ಹೇಗೂ ನಿಲ್ಲುವುದೇ ಆಗಿದ್ದರೆ, ಏಪ್ರಿಲ್‌ನಲ್ಲೇ ಸುಂಕ ಹಾಕಿ ಆ ಲಾಭವನ್ನಾದರೂ ಕಿತ್ತುಕೊಳ್ಳಬಹುದಿತ್ತು. ಅರ್ಥಶಾಸ್ತ್ರಜ್ಞರು ಅದನ್ನು ಆಗಲೇ ಹೇಳಿದ್ದರು. ಬರ್ಲಿನ್ ಕೇಳಲಿಲ್ಲ.

ಕಾಲವೂ ಕೈಕೊಟ್ಟಿತ್ತು. ಆ ವರ್ಷವೇ ಫ್ರಾನ್ಸಿನ ಅಣುಸ್ಥಾವರಗಳ ಕೊಳವೆಗಳಲ್ಲಿ ಕಾಣಿಸಿದ ಬಿರುಕು ಮತ್ತು ದುರಸ್ತಿ ಕೆಲಸಗಳಿಂದ ಅರ್ಧದಷ್ಟು ಸ್ಥಾವರಗಳು ನಿಂತಿದ್ದವು. ಬರದಿಂದ ಜಲವಿದ್ಯುತ್ ಕುಸಿದಿತ್ತು, ರೈನ್ ನದಿ ಬತ್ತಿ ಕಲ್ಲಿದ್ದಲಿನ ದೋಣಿಗಳು ಅರೆ ಹೊರೆ ಹೊತ್ತು ಸಾಗುತ್ತಿದ್ದವು. ಯುರೋಪಿನದೇ ಅತಿ ದೊಡ್ಡ ಅನಿಲ ಕ್ಷೇತ್ರ, ನೆದರ್‌ಲೆಂಡ್ಸ್‌ನ ಗ್ರೋನಿಂಗನ್, ಅನಿಲ ತೆಗೆದು ತೆಗೆದು ನೆಲ ಕುಸಿದು ಭೂಕಂಪಗಳಾಗುತ್ತಿದ್ದ ಕಾರಣ ಮುಚ್ಚುವ ಹಾದಿಯಲ್ಲಿತ್ತು. ಇಷ್ಟೆಲ್ಲದರ ನಡುವೆಯೂ ಡಚ್ಚರು ಅದನ್ನು ಮತ್ತೆ ಪೂರ್ತಿ ತೆರೆಯಲಿಲ್ಲ. ಬಿರುಕು ಬಿಟ್ಟ ಮನೆಗಳ ಜನಕ್ಕೆ ಕೊಟ್ಟ ಮಾತು ದೊಡ್ಡದೆಂದರು.

ಆದರೂ ಪಾರಾದರು. ಜರ್ಮನಿ ಮೇ ತಿಂಗಳಲ್ಲಿ ವಿಶೇಷ ಕಾನೂನು ಮಾಡಿ, ಪರಿಸರ ಅನುಮತಿಯ ವರ್ಷಗಟ್ಟಲೆಯ ಪ್ರಕ್ರಿಯೆಯನ್ನು ಮೊಟಕುಗೊಳಿಸಿ, ವಿಲ್‌ಹೆಲ್ಮ್‌ಸ್‌ಹಾಫನ್ ಬಂದರಿನಲ್ಲಿ ಡಿಸೆಂಬರ್ 17ಕ್ಕೆ ಮೊದಲ ತೇಲುವ ಟರ್ಮಿನಲ್ ಉದ್ಘಾಟಿಸಿತು. ಹತ್ತಾರು ವರ್ಷ ‘ಲಾಭವಿಲ್ಲ’ ಎಂದು ಕೈಬಿಟ್ಟಿದ್ದ ಯೋಜನೆ ಏಳು ತಿಂಗಳಲ್ಲಿ ಮುಗಿಯಿತು! 2022ರ ಆಗಸ್ಟ್‌ನಿಂದ 2023ರ ಮಾರ್ಚ್‌ವರೆಗೆ ಒಕ್ಕೂಟದ ಅನಿಲ ಬಳಕೆ ವಾಡಿಕೆಗಿಂತ ಶೇ 18 ಇಳಿಯಿತು. ಅದರಲ್ಲಿ ಉಳಿತಾಯ ಎಷ್ಟೋ, ಬಾಗಿಲು ಹಾಕಿದ ಕಾರ್ಖಾನೆ ಎಷ್ಟೋ. ಬಿಎಎಸ್‌ಎಫ್ ಲುಡ್ವಿಗ್‌ಸ್‌ಹಾಫನ್‌ನ ತನ್ನ ಎರಡು ಅಮೋನಿಯ ಘಟಕಗಳಲ್ಲಿ ಒಂದನ್ನು ಮುಚ್ಚುವುದಾಗಿ 2023ರ ಫೆಬ್ರುವರಿಯಲ್ಲಿ ಘೋಷಿಸಿತು. ಚಳಿಗಾಲವೂ ಸೌಮ್ಯವಾಗಿತ್ತು.

ಇಲ್ಲಿ ನಮ್ಮ ಕಡೆಯ ಮಾತು ಬರುತ್ತದೆ. ಯುರೋಪ್ ಅಷ್ಟೊಂದು ಎಲ್‌ಎನ್‌ಜಿ ತಂದದ್ದು ಎಲ್ಲಿಂದ? ಆ ಒಂದು ವರ್ಷದಲ್ಲಿ ಜಗತ್ತಿನ ಉತ್ಪಾದನೆ ಏನೂ ಧುತ್ತೆಂದು ಏರಲಿಲ್ಲ. ಹೆಚ್ಚು ದುಡ್ಡು ಕೊಟ್ಟವರ ಕಡೆಗೆ ಹಡಗು ತಿರುಗಿತು. 2022ರ ಜುಲೈನಲ್ಲಿ ಪಾಕಿಸ್ತಾನ ಟೆಂಡರ್ ಕರೆದರೆ ಒಂದೂ ಬಿಡ್ ಬರಲಿಲ್ಲ. ಬಾಂಗ್ಲಾದೇಶ ಆ ದರಕ್ಕೆ ಕೊಳ್ಳಲಾರದೆ ಖರೀದಿಯನ್ನೇ ನಿಲ್ಲಿಸಿ ಊರೂರಲ್ಲಿ ಕರೆಂಟ್ ತೆಗೆಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಹಾಗೆ.

ನಮ್ಮ ಗೇಲ್ ಕಂಪನಿಗೆ ಬಿದ್ದ ಪೆಟ್ಟು ಇನ್ನೂ ವಿಚಿತ್ರ. ಗೇಲ್ 2012ರಲ್ಲಿ ಗಾಜ್‌ಪ್ರೊಮ್‌ನ ಸಿಂಗಪುರದ ಶಾಖೆಯೊಂದಿಗೆ 20 ವರ್ಷಗಳ ಎಲ್‌ಎನ್‌ಜಿ ಒಪ್ಪಂದ ಮಾಡಿಕೊಂಡಿತ್ತು. ಆ ಶಾಖೆಯ ಮಾತೃ ಸಂಸ್ಥೆ ಗಾಜ್‌ಪ್ರೊಮ್ ಜರ್ಮೇನಿಯಾ, ಬರ್ಲಿನ್‌ನಲ್ಲಿತ್ತು. 2022ರ ಏಪ್ರಿಲ್‌ನಲ್ಲಿ ಜರ್ಮನ್ ಸರ್ಕಾರ ಅದನ್ನು ತನ್ನ ಉಸ್ತುವಾರಿಗೆ ತೆಗೆದುಕೊಂಡಿತು. ಸಿಟ್ಟಾದ ಮಾಸ್ಕೊ ಮೇ ತಿಂಗಳಲ್ಲಿ ಅದರ ಮೇಲೆಯೇ ನಿರ್ಬಂಧ ಹಾಕಿತು. ಅಂದರೆ ಭಾರತ ರಷ್ಯಾದೊಂದಿಗೆ ಜಗಳವಾಡಲಿಲ್ಲ, ಜರ್ಮನಿಯೊಂದಿಗೂ ಆಡಲಿಲ್ಲ. ಆದರೂ ಅವರಿಬ್ಬರ ನಡುವೆ ನಮ್ಮ ಅನಿಲ ನಿಂತುಹೋಯಿತು. ಗೇಲ್ ಗೊಬ್ಬರದ ಕಾರ್ಖಾನೆ, ಕೈಗಾರಿಕೆಗಳಿಗೆ ಪೂರೈಕೆ ಕಡಿತಗೊಳಿಸಬೇಕಾಯಿತು. ದಾಭೋಲ್‌ನಿಂದ ಬೆಂಗಳೂರಿಗೆ ಬರುವ ಕೊಳವೆ ಗೇಲ್‌ನದೇ. ನಗರದ ಮನೆಗಳಿಗೆ ದೇಶೀಯ ಅನಿಲದಲ್ಲಿ ಆದ್ಯತೆ ಇರುವುದರಿಂದ ಅಡುಗೆ ಒಲೆಗೆ ಬಿಸಿ ತಟ್ಟಲಿಲ್ಲ. ಮುಂದಿನ ವರ್ಷ ಪೂರೈಕೆ ಮತ್ತೆ ಶುರುವಾಯಿತು. ಗೇಲ್ 181.7 ಕೋಟಿ ಡಾಲರ್ ಪರಿಹಾರ ಕೇಳಿ ಲಂಡನ್‌ನಲ್ಲಿ ಮಧ್ಯಸ್ಥಿಕೆಗೆ ಹೋಗಿ, 2025ರ ಜನವರಿಯಲ್ಲಿ 28.5 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಆ ಹೊತ್ತಿಗೆ ಗಾಜ್‌ಪ್ರೊಮ್ ಜರ್ಮೇನಿಯಾ ಪೂರ್ತಿ ಜರ್ಮನ್ ಸರ್ಕಾರದ ಕಂಪನಿಯಾಗಿ, ಸೆಫೆ ಎಂದು ಹೆಸರು ಬದಲಿಸಿಕೊಂಡಿತ್ತು.

ಇನ್ನು ಯುದ್ಧಭೂಮಿಯ ನಡುವೆಯೇ ಹರಿದ ಅನಿಲ. ಇದನ್ನು ಕೇಳಿದವರಲ್ಲಿ ಅರ್ಧದಷ್ಟು ಜನ ನಂಬುವುದಿಲ್ಲ. ರಷ್ಯಾದ ಅನಿಲ ಉಕ್ರೇನ್ ನೆಲದ ಮೂಲಕವೇ ಯುರೋಪಿಗೆ ಹೋಗುತ್ತಿತ್ತು, ಯುದ್ಧ ಶುರುವಾದ ಮೇಲೂ, ಸುಮಾರು ಮೂರು ವರ್ಷ. 2019ರ ಕೊನೆಗೆ ಮಾಡಿಕೊಂಡ ಐದು ವರ್ಷಗಳ ಒಪ್ಪಂದವನ್ನು ಇಬ್ಬರೂ ರದ್ದು ಮಾಡಲಿಲ್ಲ. ತನ್ನ ನಗರಗಳ ಮೇಲೆ ಕ್ಷಿಪಣಿ ಬೀಳುತ್ತಿದ್ದಾಗಲೂ ಉಕ್ರೇನ್ ವರ್ಷಕ್ಕೆ ಸುಮಾರು 80 ಕೋಟಿ ಡಾಲರ್ ಸಾಗಣೆ ಶುಲ್ಕ ಪಡೆಯುತ್ತಿತ್ತು. ಆ ಅನಿಲ ಗಡಿ ದಾಟುತ್ತಿದ್ದದ್ದು ರಷ್ಯಾದ ಕುರ್ಸ್ಕ್ ಪ್ರಾಂತ್ಯದ ಸುಡ್ಜಾ ಎಂಬ ಪಟ್ಟಣದ ಅಳತೆ ಕೇಂದ್ರದಲ್ಲಿ. 2024ರ ಆಗಸ್ಟ್‌ನಲ್ಲಿ ಉಕ್ರೇನ್ ಸೇನೆ ಗಡಿ ದಾಟಿ ಸುಡ್ಜಾವನ್ನೇ ಹಿಡಿಯಿತು. ಮೀಟರ್ ಉಕ್ರೇನ್ ಸೈನಿಕರ ಕೈಯಲ್ಲಿ, ಅನಿಲ ರಷ್ಯಾದ್ದು, ಕೊಳ್ಳುವವರು ಸ್ಲೊವಾಕಿಯಾ ಮತ್ತು ಆಸ್ಟ್ರಿಯಾ. ದಿನಕ್ಕೆ ಸುಮಾರು 4 ಕೋಟಿ ಘನ ಮೀಟರ್ ಹರಿಯುತ್ತಲೇ ಇತ್ತು. ಒಪ್ಪಂದದ ಅವಧಿ ಮುಗಿದ 2025ರ ಜನವರಿ 1ರಂದು ನಿಂತಿತು. ಮೊದಲ ಏಟು ಬಿದ್ದದ್ದು ಮಾಲ್ಡೋವಾದಿಂದ ಒಡೆದುನಿಂತು ರಷ್ಯಾವನ್ನೇ ನೆಚ್ಚಿಕೊಂಡಿದ್ದ ಟ್ರಾನ್ಸ್‌ನಿಸ್ಟ್ರಿಯಾಕ್ಕೆ. ಹೊಸ ವರ್ಷದ ದಿನವೇ ಅಲ್ಲಿ ಮನೆಗಳ ಬಿಸಿನೀರು, ಶಾಖ ನಿಂತಿತು. ಮಾರ್ಚ್‌ನಲ್ಲಿ ರಷ್ಯಾದ ಸೈನಿಕರು ಅದೇ ಖಾಲಿ ಕೊಳವೆಯೊಳಗೆ ಕಿಲೊಮೀಟರುಗಟ್ಟಲೆ ಬಗ್ಗಿಕೊಂಡು ನಡೆದು, ಉಕ್ರೇನ್ ಪಡೆಯ ಬೆನ್ನ ಹಿಂದೆ ಮೇಲೆದ್ದರು.

ಈಗ ‘ಮನಸ್ಸಿರಲಿಲ್ಲವೋ’ ಎಂಬ ಭಾಗಕ್ಕೆ ಬರೋಣ. ಒಕ್ಕೂಟದ ಅನಿಲ ಆಮದಿನಲ್ಲಿ ರಷ್ಯಾದ ಪಾಲು ಶೇ 45ರಿಂದ 2023ರಲ್ಲಿ ಶೇ 15ಕ್ಕೆ ಇಳಿಯಿತು. ನಾರ್ವೆ ಮೊದಲ ಸ್ಥಾನಕ್ಕೆ ಬಂತು, ಅಮೆರಿಕದ ಎಲ್‌ಎನ್‌ಜಿ ಅದರ ಹಿಂದೆ. ಅಷ್ಟರಲ್ಲಿ 2024ರಲ್ಲಿ ರಷ್ಯಾದ ಪಾಲು ಶೇ 19ಕ್ಕೆ ಮತ್ತೆ ಏರಿತು! ಏರಿಸಿದ್ದರಲ್ಲಿ ಆರ್ಕ್ಟಿಕ್ ತೀರದ ಯಮಾಲ್‌ನಿಂದ ಮಂಜು ಒಡೆದುಕೊಂಡು ಬರುವ ಟ್ಯಾಂಕರ್‌ಗಳ ಎಲ್‌ಎನ್‌ಜಿಯೂ ಸೇರಿದೆ. ಆ ಎಲ್‌ಎನ್‌ಜಿ ಹೆಚ್ಚಾಗಿ ಇಳಿದದ್ದು ಫ್ರಾನ್ಸ್, ಸ್ಪೇನ್, ಬೆಲ್ಜಿಯಂ ಬಂದರುಗಳಲ್ಲಿ. ಇಲ್ಲಿ ಪೈಪಿನ ನೆಪ ಹೇಳುವ ಹಾಗಿಲ್ಲ, ಹಡಗು ಎತ್ತಲಾದರೂ ಹೋಗುತ್ತದೆ. ದೀರ್ಘಾವಧಿ ಒಪ್ಪಂದ ಮುರಿದರೆ ದಂಡ ಕಟ್ಟಬೇಕು ಎಂದರು. ನಿಜ, ‘ಟೇಕ್ ಆರ್ ಪೇ’ ಷರತ್ತಿನಡಿ ಅನಿಲ ಒಯ್ಯದಿದ್ದರೂ ದುಡ್ಡು ಕೊಡಲೇಬೇಕು. ಆದರೆ ಸರ್ಕಾರವೇ ನಿಷೇಧಿಸಿದರೆ ಕಂಪನಿಗೆ ಆ ಹೊಣೆಯಿಂದ ಕಳಚಿಕೊಳ್ಳುವ ದಾರಿ ಇದೆ, ಕಲ್ಲಿದ್ದಲಿನಲ್ಲಿ ಮಾಡಿದ್ದೂ ಅದನ್ನೇ. ಯಮಾಲ್ ಯೋಜನೆಯಲ್ಲಿ ಫ್ರಾನ್ಸಿನ ಟೋಟಲ್‌ಎನರ್ಜೀಸ್‌ಗೆ ಶೇ 20ರ ಪಾಲಿದೆ ಎಂಬುದನ್ನೂ ಮರೆಯಬಾರದು. ನಮ್ಮ ವಿದೇಶಾಂಗ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಟೀಕೆಗಳಿಗೆ ಉತ್ತರ ಕೊಟ್ಟಾಗ ಎತ್ತಿ ತೋರಿಸಿದ್ದು ಇದೇ ಅಂಕಿಯನ್ನು: 2024ರಲ್ಲಿ ಯುರೋಪ್ ತರಿಸಿದ ರಷ್ಯಾದ ಎಲ್‌ಎನ್‌ಜಿ ದಾಖಲೆಯ 165 ಲಕ್ಷ ಟನ್.

ಹಂಗೆರಿ, ಸ್ಲೊವಾಕಿಯಾಗಳದು ಬೇರೆಯೇ ಕಥೆ. ಸಮುದ್ರವಿಲ್ಲದ ದೇಶಗಳು, 1960ರ ದಶಕದ ‘ದ್ರುಜ್ಬಾ’ ತೈಲ ಕೊಳವೆಗೆ ಹೊಂದಿಸಿ ಕಟ್ಟಿದ ಸಂಸ್ಕರಣಾಗಾರಗಳು. 2022ರಲ್ಲಿ ವಿನಾಯಿತಿ ಕೊಟ್ಟದ್ದರಲ್ಲಿ ನ್ಯಾಯವಿತ್ತು. ಆದರೆ ಅದೇ ಕೊಳವೆಯ ಮೇಲಿದ್ದ, ಅಷ್ಟೇ ಸಮುದ್ರವಿಲ್ಲದ ಚೆಕ್ ಗಣರಾಜ್ಯ ಇಟಲಿಯಿಂದ ಬರುವ ಕೊಳವೆಯ ಸಾಮರ್ಥ್ಯ ಹೆಚ್ಚಿಸಿಕೊಂಡು 2025ರಲ್ಲಿ ರಷ್ಯಾದ ಎಣ್ಣೆಯಿಂದ ಹೊರಬಂತು. ಹಂಗೆರಿಗೆ ಕ್ರೊಯೇಷಿಯಾದ ಕರಾವಳಿಯಿಂದ ಬರುವ ಆಡ್ರಿಯಾ ಕೊಳವೆ ಇದ್ದೇ ಇದೆ. ಅಗ್ಗದ ಎಣ್ಣೆಯ ಲಾಭ ಬಿಡಲಾಗದೆ ಹಂಗೆರಿಯ ಆಗಿನ ಪ್ರಧಾನಿ ಓರ್ಬಾನ್ ವಿನಾಯಿತಿಯನ್ನೇ ಹಕ್ಕು ಮಾಡಿಕೊಂಡರು. ಅಮೆರಿಕ ರಷ್ಯಾದ ತೈಲ ಕಂಪನಿಗಳ ಮೇಲೆ ನಿರ್ಬಂಧ ಹಾಕಿದಾಗ 2025ರ ನವೆಂಬರ್‌ನಲ್ಲಿ ಶ್ವೇತಭವನಕ್ಕೇ ಹೋಗಿ ಒಂದು ವರ್ಷದ ರಿಯಾಯಿತಿ ತಂದರು.

ಅಣು ಇಂಧನದ ಬಗ್ಗೆ ಎರಡೇ ಮಾತು. ಪೂರ್ವ ಯುರೋಪಿನ ಹಲವು ಸ್ಥಾವರಗಳು ಸೋವಿಯತ್ ವಿನ್ಯಾಸದ ವಿವಿಇಆರ್ ಮಾದರಿಯವು, ನಮ್ಮ ಕೂಡಂಕುಳಂ ಹಾಗೆಯೇ. ಅವುಗಳ ಇಂಧನ ಜೋಡಣೆಯನ್ನು ಬೇರೆಯವರಿಂದ ಮಾಡಿಸುವುದಕ್ಕೆ ಪರೀಕ್ಷೆ, ಪರವಾನಗಿ ಎಂದು ವರ್ಷಗಳೇ ಬೇಕು. ಯುದ್ಧ ಶುರುವಾದ ಆರನೇ ದಿನ, ರಷ್ಯಾದ ವಿಮಾನಗಳಿಗೆ ಯುರೋಪಿನ ಆಕಾಶವನ್ನೇ ಮುಚ್ಚಿದ್ದಾಗ, ವಿಶೇಷ ಅನುಮತಿ ಪಡೆದ ರಷ್ಯಾದ ಸರಕು ವಿಮಾನವೊಂದು ಸ್ಲೊವಾಕಿಯಾಕ್ಕೆ ಅಣು ಇಂಧನ ತಂದು ಇಳಿಸಿತ್ತು.

ಇನ್ನು ‘ನಾವು ಕೊಂಡರೆ ಮಾತ್ರ ತಪ್ಪು’ ಎಂಬ ನಿಮ್ಮ ಮಾತು. ಯುದ್ಧಕ್ಕೆ ಮುಂಚೆ ನಮ್ಮ ಕಚ್ಚಾ ತೈಲದಲ್ಲಿ ರಷ್ಯಾದ ಪಾಲು ಶೇ 2ರಷ್ಟೂ ಇರಲಿಲ್ಲ. ಆಮೇಲೆ ಮೂರನೇ ಒಂದು ಭಾಗ ದಾಟಿತು. ಗುಜರಾತಿನ ಜಾಮ್‌ನಗರ, ವಾಡಿನಾರ್ ಸಂಸ್ಕರಣಾಗಾರಗಳ ಜತೆಗೆ ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಕೂಡ ಕೊಂಡಿದೆ. 2022ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಕೇಳಿದವರಿಗೆ ಸಚಿವ ಜೈಶಂಕರ್, ನಾವು ತಿಂಗಳಲ್ಲಿ ಕೊಳ್ಳುವುದು ಯುರೋಪ್ ಒಂದು ಮಧ್ಯಾಹ್ನದಲ್ಲಿ ಕೊಳ್ಳುವುದಕ್ಕಿಂತ ಕಡಿಮೆ ಇರಬಹುದು ಎಂದಿದ್ದರು. ಅಂದಿನ ಮಟ್ಟಿಗೆ ಅದು ಸರಿಯಾದ ಉತ್ತರ. ಮರುವರ್ಷದ ಹೊತ್ತಿಗೆ ನಮ್ಮ ಖರೀದಿ ಎಷ್ಟೋ ಪಟ್ಟು ಬೆಳೆದಿತ್ತು, ಅದೇ ಉತ್ತರ ಹೊಂದುತ್ತಿರಲಿಲ್ಲ.

ಆದರೂ ಪಶ್ಚಿಮದವರ ದೂರಿನಲ್ಲಿ ಅರ್ಧ ನಟನೆ ಇದೆ. ಜಿ7 ದೇಶಗಳು ರಷ್ಯಾದ ಎಣ್ಣೆಗೆ ಬ್ಯಾರಲ್‌ಗೆ 60 ಡಾಲರ್ ಮಿತಿ ಹಾಕಿದ್ದೇ, ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂಬ ಲೆಕ್ಕದಲ್ಲಿ: ರಷ್ಯಾದ ಗಳಿಕೆ ಇಳಿಯಬೇಕು, ಎಣ್ಣೆ ಮಾತ್ರ ಮಾರುಕಟ್ಟೆಗೆ ಬರುತ್ತಲೇ ಇರಬೇಕು. ಆ ಎಣ್ಣೆಯನ್ನು ಯಾರಾದರೂ ಕೊಳ್ಳಲೇಬೇಕಿತ್ತು, ಕೊಂಡವರು ಭಾರತ ಮತ್ತು ಚೀನಾ. ಗುಜರಾತಿನಲ್ಲಿ ಅದು ಡೀಸೆಲ್ ಆಗಿ ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್ ಬಂದರಿಗೆ ಹೋದಾಗ ಯುರೋಪ್ ಮೂರು ವರ್ಷ ಮೂಗು ಮುಚ್ಚಿಕೊಂಡು ಕೊಂಡಿತು. ರಷ್ಯಾದ ಕಚ್ಚಾ ತೈಲದಿಂದ ತಯಾರಾದ ಸರಕಿಗೂ ನಿಷೇಧ ಜಾರಿಯಾದದ್ದು 2026ರ ಜನವರಿ 21ರಿಂದ. ರಷ್ಯಾದ ತೈಲ ಕಂಪನಿ ರಾಸ್‌ನೆಫ್ಟ್ ಪಾಲಿರುವ ವಾಡಿನಾರ್‌ನ ನಯಾರಾ ಕಂಪನಿಯ ಮೇಲೆ 2025ರ ಜುಲೈನಲ್ಲೇ ನಿರ್ಬಂಧ ಬಿದ್ದಿತ್ತು. ಹಾಗೆಂದು ನಮ್ಮದನ್ನು ಅವಲಂಬನೆ ಎಂದೂ ಕರೆಯಲಾಗದು. ನಾವು ಕೊಂಡದ್ದು ಅಗ್ಗವಾಗಿತ್ತು ಎಂದು. ಬೇಡವೆಂದರೆ ಇರಾಕಿನ ಬಸ್ರಾದಿಂದಲೋ ಸೌದಿಯ ರಾಸ್ ತನೂರಾದಿಂದಲೋ ಹಡಗು ತರಿಸುವ ಸ್ವಾತಂತ್ರ್ಯ ನಮಗಿತ್ತು. 2022ರ ಮಾರ್ಚ್‌ನಲ್ಲಿ ಸ್ಲೊವಾಕಿಯಾಕ್ಕೆ ಅದಿರಲಿಲ್ಲ.

ಮತ್ತೆ ಹಳೆಯ ಪೈಪಿಗೆ ಹೋಗುತ್ತಾರೆಯೇ? ಕಾನೂನಿನ ಪ್ರಕಾರ ಹೋಗುವಂತಿಲ್ಲ. ನಿರ್ಬಂಧಕ್ಕೆ 27 ದೇಶಗಳ ಒಮ್ಮತ ಬೇಕು, ಆರು ತಿಂಗಳಿಗೊಮ್ಮೆ ನವೀಕರಣವೂ ಆಗಬೇಕು. ಅದಕ್ಕೇ ಈ ಸಲ ಬಹುಮತ ಸಾಕಾಗುವ ಸಾಮಾನ್ಯ ಶಾಸನದ ದಾರಿ ಹಿಡಿದು, ರಷ್ಯಾದ ಅನಿಲದ ನಿಷೇಧವನ್ನು 2026ರ ಜನವರಿ 26ರಂದು ಅಂಗೀಕರಿಸಿದರು. ಹಂಗೆರಿ, ಸ್ಲೊವಾಕಿಯಾ ವಿರುದ್ಧ ಮತ ಹಾಕಿದವು. ದೀರ್ಘಾವಧಿ ಒಪ್ಪಂದದ ರಷ್ಯಾ ಎಲ್‌ಎನ್‌ಜಿ 2027ರ ಜನವರಿ 1ರಿಂದ ಬಂದ್, ಕೊಳವೆಯ ಅನಿಲ ಅದೇ ವರ್ಷದ ಶರತ್ಕಾಲಕ್ಕೆ ಬಂದ್. ಕಪ್ಪು ಸಮುದ್ರದಡಿಯ ಟರ್ಕ್‌ಸ್ಟ್ರೀಮ್ ಒಂದರಲ್ಲೇ ಈಗ ಯುರೋಪಿಗೆ ರಷ್ಯಾದ ಕೊಳವೆ ಅನಿಲ ಬರುತ್ತಿದೆ. ನಾರ್ಡ್ ಸ್ಟ್ರೀಮ್ 2ರ ಒಂದು ಕೊಳವೆ ಇನ್ನೂ ಹಾಳಾಗದೆ ಸಮುದ್ರದಡಿ ಮಲಗಿದೆ, ಅದರೊಂದಿಗಿನ ಎಲ್ಲ ವ್ಯವಹಾರವನ್ನೂ 2025ರಲ್ಲಿ ನಿಷೇಧಿಸಿದ್ದಾರೆ. ಪೂರ್ವ ಜರ್ಮನಿಯ ರಾಸಾಯನಿಕ ಕಾರ್ಖಾನೆಗಳ ಕಡೆಯಿಂದ ಆಗಾಗ ‘ತೆರೆಯಿರಿ’ ಎಂಬ ಕೂಗು ಏಳುತ್ತದೆ, ಅಗ್ಗದ ಅನಿಲದ ನೆನಪು ಅಷ್ಟು ಬೇಗ ಹೋಗುವುದಿಲ್ಲ. ಗಾಜ್‌ಪ್ರೊಮ್‌ಗೂ ಆ ದಿನಗಳ ನೆನಪಿರಬೇಕು: 2023ರಲ್ಲಿ ಅದು 62,900 ಕೋಟಿ ರೂಬಲ್ ನಷ್ಟ ತೋರಿಸಿತು, ಎರಡು ದಶಕಗಳಿಗೂ ಹೆಚ್ಚಿನ ಅವಧಿಯಲ್ಲಿ ಮೊದಲ ವಾರ್ಷಿಕ ನಷ್ಟ. ಯುರೋಪಿಗೆಂದು ಹಾಕಿದ ಸೈಬೀರಿಯಾದ ಕೊಳವೆಗಳನ್ನು ಎತ್ತಿ ಚೀನಾ ಕಡೆಗೆ ತಿರುಗಿಸಲು ಬರುವುದಿಲ್ಲ.

ನನಗಿರುವ ಅನುಮಾನ ರಷ್ಯಾಕ್ಕೆ ಮರಳುವ ಬಗ್ಗೆ ಅಲ್ಲ. ಈಗ ಒಕ್ಕೂಟಕ್ಕೆ ಬರುವ ಎಲ್‌ಎನ್‌ಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅಮೆರಿಕದ್ದು. 2025ರ ಜುಲೈನಲ್ಲಿ ಸ್ಕಾಟ್‌ಲೆಂಡಿನ ಟರ್ನ್‌ಬೆರಿಯಲ್ಲಿ ಟ್ರಂಪ್ ಜತೆ ಸುಂಕದ ರಾಜಿ ಮಾಡಿಕೊಂಡಾಗ, ಮೂರು ವರ್ಷಗಳಲ್ಲಿ 75,000 ಕೋಟಿ ಡಾಲರಿನ ಅಮೆರಿಕದ ಇಂಧನ ಕೊಳ್ಳುವುದಾಗಿ ಒಕ್ಕೂಟ ಹೇಳಿತು. ವರ್ಷಕ್ಕೆ 25,000 ಕೋಟಿ ಆಯಿತು. 2024ರಲ್ಲಿ ಅದು ಅಲ್ಲಿಂದ ಕೊಂಡದ್ದು ಇದರ ಮೂರನೇ ಒಂದು ಭಾಗದ ಆಸುಪಾಸು. ಹಡಗಿನ ಅನಿಲವಾದ್ದರಿಂದ ಪೂರೈಕೆದಾರನನ್ನು ಬದಲಿಸಬಹುದು, ಅದು ದೊಡ್ಡ ವ್ಯತ್ಯಾಸ. ಆದರೆ ಸುಂಕದ ಮಾತುಕತೆಯ ಮೇಜಿನ ಮೇಲೆ ಅನಿಲದ ಲೆಕ್ಕವನ್ನು ಇಟ್ಟವರು ಈ ಸಲ ಮಿತ್ರರೇ.